ಓಲೆಗಾರನ ದ್ವಾರವಿಜಯ

ಜಯವಾಗಲಿ ಈ ಯುಗಕ್ಕೆ! ಕೃತ, ತ್ರೇತಾ, ದ್ವಾಪರಗಳೆಂಬ ಮೂರು ಯುಗಗಳಲ್ಲಿ ಯಾರಿಗೂ ಬೇಕಾಗದೆ, ನಾಲ್ಕನೆಯದರ ಬಾಲಭಾಗದಲ್ಲಿ ಅನ್ನನೀರಿಗಿಂತ ಅಗತ್ಯವಾದವಳೇ, ಸಕಲಲೋಕಸಂದೇಶವಾಹಿನಿಯೇ, ನಿಮಿಷಾರ್ಧದೇಶಾಂತರಗಾಮಿನಿಯೇ, ಬಿಲ್ ಕಟ್ಟದಿದ್ದರೆ ತತ್‌ಕ್ಷಣಾಂತರ್ಧಾನಶೀಲೆಯೇ, ಎಲೈ ವಿದ್ಯುನ್ಮಾತೆಯೇ, ನಿನ್ನ ಪಾದಗಳೆಲ್ಲಿವೆಯೋ ತಿಳಿಯದ ಕಾರಣ ಗೋಡೆಯ ಪ್ಲಗ್ಗಿಗೇ ಕೈಮುಗಿದು ಈ ಕಥನವನ್ನು ಆರಂಭಿಸುತ್ತಿದ್ದೇನೆ. ಮುಗಿಯುವವರೆಗೆ ಹೋಗಬೇಡ ತಾಯೀ, ನನ್ನ ಬ್ಯಾಟರಿ ಹಳೆಯದು. ಕೇಳಲು ಕೂತ ಮಹನೀಯರಿಗೂ ಒಂದು ಮಾತು. ನಡುವೆ ಎದ್ದು ಚಹಾಕ್ಕೆ ಹೋಗುವವರು ಈಗಲೇ ಹೋಗಿ ಬನ್ನಿ. ಆಮೇಲೆ ಬಂದು, ಯಾರು ಯಾರಿಗೆ ಹೊಡೆದರು ಎಂದು ಪಕ್ಕದವರ ಪಕ್ಕೆ ತಿವಿದರೆ ನನಗೆ ಸಿಟ್ಟು ಬರುತ್ತದೆ. ಈ ಮಹಾಸಮರದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಬ್ಯಾಡಗಿ ಎಂಬ ನಗರವಿದೆ. ಅದನ್ನು ವರ್ಣಿಸು ಎಂದು ನೀವು ಕೇಳುವ ಮೊದಲೇ ಅದು ತಾನಾಗಿ ಬಂದು ನಿಮ್ಮ ಮೂಗನ್ನು ಹೊಕ್ಕಿರುತ್ತದೆ. ಸುಗ್ಗಿಯ ಕಾಲದಲ್ಲಿ ಅಲ್ಲಿನ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಚೀಲಗಳು ಕೋಟೆಯಂತೆ ಏಳುತ್ತವೆ, ಹಮಾಲರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಓಡಾಡುತ್ತಾರೆ, ಗಾಳಿ ಬೀಸಿದರೆ ಬೀದಿಯ ನಾಯಿಗೂ ಕಣ್ಣೀರು ಬರುತ್ತದೆ. ಆ ಮಾರುಕಟ್ಟೆಯ ಎದುರಿಗೆ, ಕೆಳಗೆ ಗೋಣಿಚೀಲ ಹೊಲಿಯುವ ಅಂಗಡಿಯಿದ್ದು ಮೇಲೆ ಒಂದೇ ಖೋಲಿ, ಒಂದೇ ಫ್ಯಾನು, ಒಂದೇ ಕಿಟಕಿಯುಳ್ಳ ಮಹಡಿಯಿತ್ತು. ಶಾಲೆಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವ ಚಿಕ್ಕದೊಂದು ಕಚೇರಿ ಅದು. ಅಲ್ಲಿ ಇಬ್ಬರು ಮಹಾವೀರರು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು.

ಮೊದಲನೆಯವನು ಮಾರ್ಗಶೋಧನಧುರಂಧರ, ದ್ವಾರವ್ಯವಹಾರಚತುರ, ಬಿಡುಗಡೆಗುಂಡಿಯೈಕಾಧಿಪತಿ, ಅನವರತಶೀತಲಪವನಾಕಾಂಕ್ಷಿ ಗುರುಪಾದ ಉಳ್ಳಾಗಡ್ಡಿ. ಈ ಕೊನೆಯ ಬಿರುದಿನ ಅರ್ಥ, ಅವನಿಗೆ ಸೆಕೆ ತಡೆಯುತ್ತಿರಲಿಲ್ಲ ಎಂದು. ಎರಡನೆಯವನು ಕೀಲಕವಿದ್ಯಾವಿಶಾರದ, ಗುಪ್ತಾಕ್ಷರಚಕ್ರವರ್ತಿ, ಪರಮಕೋಮಲನಾಸಿಕ ಚನ್ನವೀರ ಮೆಣಸಿನಕಾಯಿ. ಅವನ ಮನೆತನಕ್ಕೆ ಆ ಅಡ್ಡಹೆಸರು ಹೇಗೆ ಬಂತೋ ಶಿವನೇ ಬಲ್ಲ, ಅವನಂತೂ ಮೆಣಸಿನಕಾಯಿಯ ಧೂಳು ಸೋಂಕಿದರೆ ಸಾಕು ಸೀನಿಬಿಡುತ್ತಿದ್ದ. ಇಬ್ಬರೂ ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಡಬ್ಬಿಯ ಜೋಳದ ರೊಟ್ಟಿ ಹರಿದು ತಿಂದವರು. ಗುರ್ಯಾ, ಚನ್ಯಾ ಎಂದಲ್ಲದೆ ಒಬ್ಬರನ್ನೊಬ್ಬರು ಕರೆದವರಲ್ಲ.

ಅವರಿಬ್ಬರ ಜಂಟಿ ಸಂತಾನವೇ ಓಲೆಗಾರ. ಅದೊಂದು ಲೈಬ್ರರಿ. ಲೈಬ್ರರಿ ಎಂದಕೂಡಲೇ ಕಪಾಟು, ಧೂಳು, ಸದ್ದು ಮಾಡಬೇಡಿ ಎಂಬ ಬೋರ್ಡು ನೆನೆಯಬೇಡಿ. ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸಬಹುದಾದ ಕೋಡಿನ ಗಂಟಿಗೂ ಅದೇ ಹೆಸರು. ಇಂಟರ್‌ನೆಟ್ಟಿನ ಹಾದಿಯಲ್ಲಿ ಓಲೆ ಒಯ್ದು ಉತ್ತರ ತರುವುದು ಈ ಓಲೆಗಾರನ ಕೆಲಸ. ಅವನ ಕಾಲನ್ನು, ಅಂದರೆ ದಾರಿ ನಡೆಯುವ, ಬಾಗಿಲು ದಾಟುವ ಭಾಗವನ್ನು ಉಳ್ಳಾಗಡ್ಡಿ ಬರೆದಿದ್ದ. ಅವನ ಕೈಚೀಲದ ಕೀಲಿಯನ್ನು, ಅಂದರೆ ನಡುದಾರಿಯಲ್ಲಿ ಯಾರೂ ಓಲೆಯನ್ನು ಒಡೆದು ಓದದಂತೆ ಕಾಯುವ ಭಾಗವನ್ನು ಮೆಣಸಿನಕಾಯಿ ಬರೆದಿದ್ದ. ಓಲೆಗಾರನ ಮೈಮೇಲೆ ಒಂದು ಸಾಲು ಹೊಸದಾಗಿ ಸೇರಬೇಕಿದ್ದರೂ ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ, ಕೆಳಗೆ ‘ಒಪ್ಪಿದೆ’ ಎಂದು ಬರೆಯಬೇಕು. ಆಮೇಲೆ ಉಳ್ಳಾಗಡ್ಡಿ ಬಿಡುಗಡೆಯ ಗುಂಡಿ ಒತ್ತಬೇಕು, ಆಗ ಓಲೆಗಾರನ ಹೊಸ ಅವತಾರ ಬಳಸುವವರ ಯಂತ್ರಗಳಿಗೆ ತಾನಾಗಿ ಹೋಗಿ ಸೇರುತ್ತದೆ. ಸ್ನೇಹವಿದ್ದ ಕಾಲದಲ್ಲಿ ಮಾಡಿಕೊಂಡ ನಿಯಮವಿದು, ಆಗ ಬಹಳ ಚೆಂದವಾಗಿ ನಡೆಯುತ್ತಿತ್ತು.

ಇನ್ನು ಕಲಹದ ಮೂಲವನ್ನು ಕೇಳಿ, ನಗುವವರು ಒಳಗೊಳಗೇ ನಗಿ. ಸುಗ್ಗಿಯ ಆರಂಭದಲ್ಲಿ ಓಲೆಗಾರನ ಹೊಸ ಅವತಾರ ಬಿಡುಗಡೆಯಾಗುವ ದಿನ ಉಳ್ಳಾಗಡ್ಡಿ ಸೆಕೆಯೆಂದು ಕಿಟಕಿ ತೆರೆದ. ಕೆಳಗೆ ಆಗತಾನೇ ಚೀಲ ಸುರಿದಿದ್ದರು. ಉಳ್ಳಾಗಡ್ಡಿಯ ಬೆರಳು ಗುಂಡಿಯ ಮೇಲೆ ಇಳಿಯಬೇಕು, ಆ ಕ್ಷಣಕ್ಕೆ ಸರಿಯಾಗಿ ಮೆಣಸಿನಕಾಯಿ ಸೀನಿದ. ಒಂದೇ ಸಲ ಸೀನಿದ. ಒಂಟಿ ಸೀನು ಹಿಡಿದ ಕೆಲಸವನ್ನು ಕೆಡಿಸುತ್ತದೆ, ಜೋಡಿ ಸೀನು ಕೈಗೂಡಿಸುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ತೊಟ್ಟಿಲಿನಲ್ಲಿಯೇ ಕಲಿಸುವ ಮಾತು. ಯಾವ ಮನೆಯ ಅಜ್ಜಿಯಾದರೂ, ಕೂತು ಒಂದು ಗುಟುಕು ನೀರು ಕುಡಿದು ಆಮೇಲೆ ಏಳಪ್ಪಾ ಎನ್ನುತ್ತಿದ್ದಳು. ಉಳ್ಳಾಗಡ್ಡಿ ವಿಜ್ಞಾನ ಓದಿದವನು, ಒತ್ತಿಯೇಬಿಟ್ಟ. ಹೊಸ ಅವತಾರ ಹೊಸ್ತಿಲು ದಾಟುವ ಮೊದಲೇ ಮುಗ್ಗರಿಸಿ ಬಿತ್ತು. ನಿನ್ನ ಸೀನಿನಿಂದ ಹಾಳಾಯಿತು ಎಂದು ವಿಜ್ಞಾನ ಓದಿದವನೇ ಅಂದ. ನಿನ್ನ ಕಿಟಕಿಯಿಂದ ಹಾಳಾಯಿತು ಎಂದು ಇವನೂ ಅಂದ. ಮಾತು ಕಿಟಕಿಯಿಂದ ಮೂಗಿಗೆ, ಮೂಗಿನಿಂದ ಮನೆತನಕ್ಕೆ ಏರಿತು. ಅಂದಿನಿಂದ ಇಬ್ಬರ ನಡುವೆ ಮಾತು ಸತ್ತಿತು. ಒಬ್ಬ ಕಿಟಕಿ ತೆರೆಯುವುದು, ಇನ್ನೊಬ್ಬ ಎದ್ದು ಮುಚ್ಚುವುದು, ಇಷ್ಟೇ ಉಳಿದ ವ್ಯವಹಾರ.

ಹಾಗಾದರೆ ಕೆಲಸ ಹೇಗೆ ಸಾಗುತ್ತಿತ್ತು ಎಂದು ಕೇಳಿದಿರಾ? ನೀಲಕ್ಕನಿಂದ. ಲೆಕ್ಕಪತ್ರ, ಫೋನು, ಕುಡಿಯುವ ನೀರಿನ ಕ್ಯಾನು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ನೀಲಾಂಬಿಕಾ ಪಾಟೀಲ ಎಂಬ ಆ ತಾಯಿ ಇಬ್ಬರ ನಡುವೆ ಸಂಧಿವಿಗ್ರಹಿಯಾದಳು. ಕೈಚಾಚಿದರೆ ಬೆನ್ನು ಮುಟ್ಟುವಷ್ಟು ಹತ್ತಿರ ಕೂತ ಇಬ್ಬರು, ಮಧ್ಯೆ ಕುರ್ಚಿ ಹಾಕಿಕೊಂಡ ಅವಳಿಗೆ ಹೇಳುವುದು, ಅವಳು ಕುರ್ಚಿಯನ್ನು ಅತ್ತ ತಿರುಗಿಸಿ ಇನ್ನೊಬ್ಬನಿಗೆ ಹೇಳುವುದು. ಇನ್ನೊಬ್ಬನ ಕಿವಿಗೆ ಮೂಲ ಮಾತು ಬೀಳುತ್ತಿರಲಿಲ್ಲವೇ ಎಂದರೆ, ಇಬ್ಬರೂ ಹಠಕ್ಕೆ ಕಿವಿಗೆ ಹೆಡ್‌ಫೋನು ಏರಿಸಿ ನೀಲಕ್ಕನ ಮುಖ ಕಂಡಾಗ ಮಾತ್ರ ಇಳಿಸುತ್ತಿದ್ದರು. ನೀಲಕ್ಕನಿಗೆ ಒಂದು ಗುಣವಿತ್ತು. ಕೆಟ್ಟ ಮಾತು ಅವಳ ಕಿವಿಗೆ ಹೋಗುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. ಒಬ್ಬ ಬೆಂಕಿ ಉಗುಳಿದರೆ ಅವಳು ಅದಕ್ಕೆ ಬೆಲ್ಲ ಬೆರೆಸಿ ಪಾನಕ ಮಾಡಿ ಇನ್ನೊಬ್ಬನಿಗೆ ಕೊಡುತ್ತಿದ್ದಳು. ‘ಒಪ್ಪಿದೆ’ ಎಂದು ಬರೆಯುವ ಕೆಲಸವೂ ಅವಳಿಗೇ ಬಂದಿತ್ತು. ಅವನು ಬರೆದದ್ದನ್ನು ನಾನು ಓದಬೇಕೇ ಎಂದು ಇಬ್ಬರೂ ಮೂಗು ಮುರಿದು ತಲೆ ಅಲ್ಲಾಡಿಸುತ್ತಿದ್ದರು, ಆ ಅಲ್ಲಾಟವನ್ನು ಒಪ್ಪಿಗೆಯೆಂದು ತಿಳಿದು ನೀಲಕ್ಕ ಟೈಪು ಮಾಡಿಬಿಡುತ್ತಿದ್ದಳು.

ಹೀಗಿರುವಲ್ಲಿ, ಮಾರ್ಚಿ ತಿಂಗಳ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಡುವ ಹೊತ್ತಿಗೆ ಫೋನು ಬಂತು. ಪಕ್ಕದ ತಾಲೂಕಿನ ಅಂಧ ಮಕ್ಕಳ ಶಾಲೆಯ ಟೀಚರ್ ಶಕೀಲಾಬಾನು ಮುಲ್ಲಾ ಮಾತನಾಡಿದರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ಆ ಶಾಲೆಯಲ್ಲಿ ಓದುಪೆಟ್ಟಿಗೆ ಎಂಬ ಯಂತ್ರವಿತ್ತು. ಅದು ನಮ್ಮ ಓಲೆಗಾರನನ್ನು ಕಳಿಸಿ, ದೂರದ ಪಾಠಗಳ ಉಗ್ರಾಣದಿಂದ ಧ್ವನಿಪಾಠಗಳನ್ನು ತರಿಸಿ ಮಕ್ಕಳಿಗೆ ಕೇಳಿಸುತ್ತಿತ್ತು.

“ಅಕ್ಕಾರ, ನಮ್ಮ ಪೆಟ್ಟಿಗಿ ನಿನ್ನಿಯಿಂದ ಮಾತಾಡವಲ್ದು,” ಎಂದರು ಟೀಚರ್. “ನಾಳೆ ಮುಂಜಾನೆ ಹತ್ತನೇತ್ತೆ ಹುಡುಗರಿಗೆ ಸಮಾಜ ಪರೀಕ್ಷೆ ಐತ್ರಿ. ನನಗ ಬಾಯಿಪಾಠ ಇದ್ದಷ್ಟು ಹೇಳೀನಿ. ಕಡೀ ಪಾಠ ಈ ವರ್ಷ ಹೊಸಾದು, ಅದು ನನಗೂ ಗೊತ್ತಿಲ್ಲ.”

ಕಣ್ಣಿದ್ದವರು ಯಾರಾದರೂ ಓದಿ ಹೇಳಬಾರದೇ ಎಂದು ಮೂಲೆಯಿಂದ ಯಾರೋ ಗೊಣಗಿದಿರಿ, ಕೇಳಿಸಿತು. ಆ ಪಾಠ ಇನ್ನೂ ಅಚ್ಚಾಗಿಯೂ ಬಂದಿರಲಿಲ್ಲ, ಬ್ರೈಲಿಯಲ್ಲೂ ಬಂದಿರಲಿಲ್ಲ. ದನಿಯಾಗಿ ಉಗ್ರಾಣದಲ್ಲಿತ್ತು, ಆ ಉಗ್ರಾಣ ಶಾಲೆಯ ಪೆಟ್ಟಿಗೆಗಲ್ಲದೆ ಬೇರಾರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ನಿಮಗೆ ಹೊಳೆಯುವ ಉಪಾಯ ಆ ಟೀಚರಿಗೆ ಹೊಳೆದಿಲ್ಲವೆಂದು ಯಾಕೆ ತಿಳಿಯುತ್ತೀರಿ? ಅವರು ಬೆಳಗಿನಿಂದ ಎಲ್ಲ ಬಾಗಿಲೂ ತಟ್ಟಿ ಸೋತು, ಕೊನೆಗೆ ಇಲ್ಲಿಗೆ ಫೋನು ಮಾಡಿದ್ದರು.

ಆದದ್ದಿಷ್ಟು. ಶಾಲೆಗೆ ಹಿಂದಿನ ದಿನ ಹೊಸ ಇಂಟರ್‌ನೆಟ್ಟು ಬಂದಿತ್ತು, ಅದರ ಜೊತೆಗೆ ಪ್ರಾಕ್ಸಿ ಎಂಬ ದ್ವಾರಪಾಲಕನೂ ಬಂದಿದ್ದ. ವಜ್ರಮುಷ್ಟಿಯೂ ವಕ್ರಭ್ರುಕುಟಿಯೂ ಆದ ಆ ದ್ವಾರಪಾಲಕನ ಕಣ್ಣು ತಪ್ಪಿಸಿ ಶಾಲೆಯಿಂದ ಒಂದು ಸೊಳ್ಳೆಯೂ ಹೊರಗೆ ಹೋಗುವಂತಿಲ್ಲ. ಬಯಲು ಓಲೆಯಾದರೆ ತೊಂದರೆಯಿಲ್ಲ, ಓದಿ, ವಿಳಾಸ ನೋಡಿ, ತಾನೇ ಮುಂದೆ ದಾಟಿಸುತ್ತಾನೆ. ಕೀಲಿ ಹಾಕಿದ ಓಲೆಯಾದರೆ ಕ್ರಮ ಬೇರೆ. ಮೊದಲು ಅವನಿಗೆ ಬಯಲು ಮಾತಿನಲ್ಲಿ, ಇಂಥ ಊರಿಗೆ ಹೋಗಬೇಕು, ದಾರಿ ಬಿಡು ಎನ್ನಬೇಕು. ಅವನು, ಆಗಲಿ ಹೋಗು ಎಂದು ಪಕ್ಕಕ್ಕೆ ಸರಿಯಬೇಕು. ಆಮೇಲೆ ಆ ಊರಿನವನೊಡನೆಯೇ ನೇರವಾಗಿ ಗುಟ್ಟು ಮಾತು ಆಡಬೇಕು. ನಮ್ಮ ಓಲೆಗಾರನಿಗೆ ಈ ಮರ್ಯಾದೆ ಯಾರೂ ಕಲಿಸಿರಲಿಲ್ಲ. ಅವನು ಹೋದವನೇ ದ್ವಾರಪಾಲಕನ ಮುಂದೆ ನಿಂತು ಗುಪ್ತಭಾಷೆಯಲ್ಲಿ ಒದರಿದ. ಏನೂ ತಿಳಿಯದ ದ್ವಾರಪಾಲಕ ಕುತ್ತಿಗೆ ಹಿಡಿದು ಆಚೆಗೆ ದಬ್ಬಿದ. ಪೆಟ್ಟಿಗೆಯೊಳಗಿಂದ ಯಾವ ದನಿಯೂ ಬರದೆ ಹೋಯಿತು.

ಇದನ್ನು ಸರಿಪಡಿಸಲು ಬೇಕಾದದ್ದು ಒಂದು ಸಾಲು. ಹೌದು, ಒಂದೇ ಸಾಲು. ಇಬ್ಬರು ವೀರರಿಗೂ ರೋಗವೂ ತಿಳಿಯಿತು, ಮದ್ದೂ ತಿಳಿಯಿತು, ಅದೂ ಒಂದೇ ಗಳಿಗೆಯಲ್ಲಿ. ಆದರೆ ಮದ್ದು ಯಾರ ಭಾಗದಲ್ಲಿ ಸೇರಬೇಕು, ತಪ್ಪು ಯಾರದೆಂದು ಬರೆಯಬೇಕು ಎಂಬಲ್ಲಿ ಯುದ್ಧ ಹುಟ್ಟಿತು.

ಉಳ್ಳಾಗಡ್ಡಿ ಎದ್ದು ನಿಂತ. ಅವನು ಗರ್ಜಿಸಿದ್ದು ಹೀಗೆಂದು ಕವಿಗಳು ಬರೆಯುತ್ತಾರೆ: “ಎಲೈ ನೀಲಾಂಬಿಕೆಯೇ, ಸಪ್ತದ್ವೀಪಗಳ ಸಮಸ್ತ ಬಾಗಿಲುಗಳನ್ನೂ ಬಲ್ಲ ನನ್ನ ದ್ವಾರಭಾಗದಲ್ಲಿ ಸಾಸಿವೆಯ ಅರ್ಧದಷ್ಟು ದೋಷವಿದ್ದರೆ, ಈ ಕೀಬೋರ್ಡನ್ನು ತುಂಗಭದ್ರೆಯ ಮಡುವಿನಲ್ಲಿ ವಿಸರ್ಜಿಸಿ ವಾನಪ್ರಸ್ಥಕ್ಕೆ ತೆರಳುವೆನು!” ಅವನು ನಿಜವಾಗಿ ಆಡಿದ್ದು ಬೇರೆ. “ಅಕ್ಕಾರ, ಆ ಸೀನುಬುರುಕಗ ಹೇಳ್ರಿ. ದಾರಿ ಕೇಳೂಕಿಂತ ಮೊದಲ ಕೀಲಿ ಜಡದಾನ. ತಪ್ಪು ಅವಂದು,” ಎಂದು ಹೇಳಿ ಕೂತ.

ನೀಲಕ್ಕ ಕುರ್ಚಿ ತಿರುಗಿಸಿದಳು. ಕೀಲಿ ಬಹಳ ಗಟ್ಟಿಯಾಗಿದೆಯಂತೆ, ದಾರಿ ಒಂದು ಕೇಳಿದರೆ ಆಯಿತಂತೆ ಎಂದು ಮೆಣಸಿನಕಾಯಿಗೆ ತಿಳಿಸಿದಳು. ಇಷ್ಟು ತಿಂಗಳ ಮೇಲೆ ಆ ಬಾಯಿಂದ ಹೊಗಳಿಕೆ ಬಂದದ್ದಕ್ಕೆ ಮೆಣಸಿನಕಾಯಿಯ ಎದೆ ಉಬ್ಬಿತು. ಸೋತು ಶರಣಾದ ಶತ್ರು ತನ್ನನ್ನೇ ದಾರಿ ಕೇಳುವ ಸಾಲು ಬರೆಯೆಂದು ಬೇಡುತ್ತಿದ್ದಾನೆ ಎಂದು ತಿಳಿದ. ಅವನೂ ಗರ್ಜಿಸಿದ. ಬ್ರಹ್ಮಾಂಡದ ಬೀಗಗಳೆಲ್ಲ ತನ್ನ ಕಿರುಬೆರಳಿನ ತುದಿಯಲ್ಲಿ ನರ್ತಿಸುತ್ತವೆಂದೂ ಬಾಗಿಲು ಕಾಯಲಾರದವರ ಬಾಗಿಲನ್ನೂ ತಾನೇ ಕಾಯುವೆನೆಂದೂ ಕವಿಗಳ ಪಾಠ. ಅವನ ಪಾಠ ಇಷ್ಟು: “ಬಾಗಲಾ ಕಾಯೂದು ಅವನ ಕೆಲಸ ಇತ್ರಿ. ಅವನ ಕೈಲೆ ಆಗೂದಿಲ್ಲಂದ್ರ ನಾ ಬರೀತೀನಂತ ಹೇಳ್ರಿ.”

ನೀಲಕ್ಕ ಮತ್ತೆ ತಿರುಗಿದಳು. ಬಾಗಿಲಿನ ಕೆಲಸ ನಿನ್ನಂತೆ ಯಾರಿಗೂ ಬರುವುದಿಲ್ಲವಂತೆ, ಆಯಿತು ಎಂದಿದ್ದಾನೆ ಎಂದಳು. ಅಲ್ಲಿಗೆ ಉಳ್ಳಾಗಡ್ಡಿಯ ಮೀಸೆಯೂ ಮೇಲೇರಿತು. ಶತ್ರು ತಪ್ಪೊಪ್ಪಿಕೊಂಡ, ಇನ್ನು ಉದಾರವಾಗಿ ತಾನೇ ಆ ಸಾಲು ಬರೆದುಬಿಡುವುದು ಕ್ಷತ್ರಿಯಧರ್ಮ ಎಂದುಕೊಂಡ. ಹೀಗೆ ಬೆನ್ನಿಗೆ ಬೆನ್ನು ಹಾಕಿದ ಇಬ್ಬರೂ, ಗೆದ್ದೆನೆಂಬ ಸುಖದಲ್ಲಿ ಮುಗುಳ್ನಗುತ್ತ, ಅದೇ ಸಾಲನ್ನು ತಂತಮ್ಮ ಭಾಗದಲ್ಲಿ ಬರೆದರು. ಇಬ್ಬರೂ ಇನ್ನೊಬ್ಬನದನ್ನು ಓದದೆ ತಲೆ ಅಲ್ಲಾಡಿಸಿದರು. ನೀಲಕ್ಕ ಎರಡರ ಕೆಳಗೂ ‘ಒಪ್ಪಿದೆ’ ಎಂದು ಬರೆದಳು. ಉಳ್ಳಾಗಡ್ಡಿ ಗುಂಡಿ ಒತ್ತಿದ. ಹೊಸ ಅವತಾರ ಬಯಲು ಓಲೆಯಾಗಿ ಹೋಗುವುದರಿಂದ ದ್ವಾರಪಾಲಕ ಅದಕ್ಕೆ ಅಡ್ಡಿ ಮಾಡದೆ ಶಾಲೆಯ ಪೆಟ್ಟಿಗೆಗೆ ಬಿಟ್ಟುಕೊಟ್ಟ.

ಈಗ ನೋಡಿ ಓಲೆಗಾರನ ಗತಿ. ಅವನು ದ್ವಾರಪಾಲಕನ ಮುಂದೆ ನಿಂತು ವಿನಯದಿಂದ ದಾರಿ ಕೇಳಿದ, ದಾರಿ ಸಿಕ್ಕಿತು. ಓಡಿಹೋಗಿ ಉಗ್ರಾಣದ ಪಡಸಾಲೆಯಲ್ಲಿ ನಿಂತ. ಅಲ್ಲಿ ಗುಟ್ಟು ಮಾತು ಆರಂಭಿಸಬೇಕಾದವನು ಎರಡನೆಯ ಸಾಲಿನ ಅಪ್ಪಣೆಯಂತೆ ಮತ್ತೆ ಅದೇ ಹಾಡು ತೆಗೆದ, ಸ್ವಾಮೀ, ಉಗ್ರಾಣಕ್ಕೆ ಹೋಗಬೇಕು, ದಾರಿ ಬಿಡಿ ಎಂದ. ನಮ್ಮ ಪಡಸಾಲೆಯಲ್ಲಿ ನಿಂತು ನಮ್ಮ ಮನೆಗೇ ದಾರಿ ಕೇಳುವ ಈ ಮರುಳ ಯಾರು ಎಂದು ಉಗ್ರಾಣದವರು ಬಾಗಿಲು ಬಡಿದರು. ಟೀಚರ್ ಮತ್ತೆ ಫೋನು ಮಾಡಿ, ಪೆಟ್ಟಿಗೆ ಇನ್ನೂ ಸುಮ್ಮನೆ ಇದೆ, ಮಕ್ಕಳು ಸುತ್ತ ಕೂತಿದ್ದಾರೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ನೀಲಕ್ಕನಿಗೆ ಅಚ್ಚರಿಯಾಯಿತು. ಇಬ್ಬರೂ ಎಷ್ಟು ಚೆಂದ ಒಂದೇ ಸಾಲು ಬರೆದಿರಿ, ಮತ್ತೆ ಯಾಕೆ ಬರುತ್ತಿಲ್ಲ ಎಂದು ಖೋಲಿಯ ನಡುವೆ ನಿಂತು ಕೇಳಿದಳು. ಹೆಡ್‌ಫೋನು ಇಳಿದಿದ್ದ ನಾಲ್ಕೂ ಕಿವಿಗಳಿಗೆ ಆ ಮಾತು ಬಿತ್ತು. ಇಬ್ಬರ ಮುಖವೂ ಬಿಳಿಚಿತು. ಎರಡು ಸಲ ದಾರಿ ಕೇಳಿದ್ದರಿಂದ ಕೆಟ್ಟಿತು ಎಂದು ಇಬ್ಬರಿಗೂ ಹೊಳೆಯಿತು. ಈಗಲಾದರೂ ಒಬ್ಬ ತಿರುಗಿ, ನಿನ್ನದು ಇರಲಿ ನನ್ನದು ತೆಗೆಯುತ್ತೇನೆ ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿದು ನನಗೂ ನಿಮಗೂ ಚಹಾ ಸಿಗುತ್ತಿತ್ತು. ಹಠ ಎಂಬುದಿದೆಯಲ್ಲ, ಅದು ಹಾಗೆ ಬಿಡುವ ಜಾತಿಯದಲ್ಲ. ತನ್ನ ಸಾಲು ಅಷ್ಟು ಅಗ್ಗವೇ, ಅವನ ಸಾಲೇ ಇರಲಿ, ಅದರಿಂದ ಏನು ಕಿಸಿಯುತ್ತಾನೋ ನೋಡೋಣ ಎಂದು ಉಳ್ಳಾಗಡ್ಡಿ ಹಲ್ಲು ಕಚ್ಚಿ ತನ್ನದನ್ನು ಅಳಿಸಿದ. ಅದೇ ಮಾತು, ಅದೇ ಹಲ್ಲುಕಡಿತ, ಅದೇ ಕ್ಷಣಕ್ಕೆ ಮೆಣಸಿನಕಾಯಿಯೂ ತನ್ನದನ್ನು ಅಳಿಸಿದ. ತಲೆಗಳು ಅಲ್ಲಾಡಿದವು. ‘ಒಪ್ಪಿದೆ’ ಬಿತ್ತು. ಗುಂಡಿ ಒತ್ತಲಾಯಿತು. ಓಲೆಗಾರ ಮೊದಲಿನಂತೆ ದ್ವಾರಪಾಲಕನ ಮುಂದೆ ಗುಪ್ತಭಾಷೆ ಒದರಿ ಮೊದಲಿನಂತೆ ಕುತ್ತಿಗೆ ಹಿಡಿಸಿಕೊಂಡು ದಬ್ಬಿಸಿಕೊಂಡ.

ಹೊತ್ತು ಇಳಿಯುತ್ತಿತ್ತು. ಈ ಸಲ ನೀಲಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಪೆಟ್ಟಿಗೆ ಏನೂ ಅನ್ನುತ್ತಿಲ್ಲ ಎಂದು ಟೀಚರ್ ಹೇಳಿದ ಕೂಡಲೇ ಉಳ್ಳಾಗಡ್ಡಿ, ಅವನ ಸಾಲಿನ ಭಾಗ್ಯ ನೋಡಿರಿ ಎಂದು ನೀಲಕ್ಕನಿಗೆ ಅಂದ. ಸಾಲು ಅವನದೇ ಇತ್ತಲ್ಲ, ಅವನನ್ನೇ ಕೇಳಿರಿ ಎಂದು ಅದೇ ಗಳಿಗೆಗೆ ಮೆಣಸಿನಕಾಯಿಯೂ ನೀಲಕ್ಕನಿಗೇ ಅಂದ, ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಬೀಳಲಿಲ್ಲ. ಅವಳು ಅತ್ತ ತಿರುಗಿ, ಇತ್ತ ತಿರುಗಿ, ಬೆಲ್ಲ ಬೆರೆಸಿ ಹೇಳತೊಡಗಿದಳು. ಫೋನಿನ ಆಚೆ ಟೀಚರ್ ಇದನ್ನೆಲ್ಲ ಕೇಳುತ್ತಿದ್ದರು.

“ಅಕ್ಕಾರ, ಒಂದು ಮಾತು ಕೇಳ್ತೀನಿ,” ಎಂದರು. “ಈ ಎರಡೂ ದನಿ ಒಂದ ಖೋಲ್ಯಾಗಿಂದ ಬರಾಕತ್ತಾವು. ಇಬ್ರೂ ಅಲ್ಲೇ ಬಾಜೂಕ ಕುಂತಾರ. ಮತ್ತ ನಡುವ ನೀವ್ಯಾಕ್ರಿ?”

ಕಣ್ಣಿದ್ದವರೆಲ್ಲ ದಿನಾ ನೋಡಿ ರೂಢಿಯಾಗಿದ್ದ ಸಂಗತಿ, ನೋಡದವರ ಕಿವಿಗೆ ಒಂದೇ ಏಟಿಗೆ ವಿಚಿತ್ರವೆನಿಸಿತ್ತು. ನೀಲಕ್ಕನ ಮುಖ ಕೆಂಪಾಯಿತು. ತಾನು ಇಷ್ಟು ದಿನ ಬೆರೆಸಿದ ಬೆಲ್ಲವೆಲ್ಲ ಅವಳಿಗೆ ನೆನಪಾಗಿರಬೇಕು. ಅವಳು ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿದಳು, ಡಬ್ಬಿಯನ್ನು ಕೈಚೀಲಕ್ಕೆ ಹಾಕಿದಳು.

“ಬಸ್ಸಿಗೆ ಹೊತ್ತಾತು. ನಾ ಹೊಂಟೆ,” ಎಂದಳು. “ನಿಮ್ಮ ನಡುವ ಇನ್ ಯಾರೂ ಇಲ್ಲ. ಏನ್ ಮಾತಾಡ್ತೀರೋ ಮಾತಾಡಿಕೊಳ್ರಿ.”

ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿಳಿಯುತ್ತ ಹೋಗಿ, ಚೀಲ ಹೊಲಿಯುವ ಯಂತ್ರದ ಸದ್ದಿನಲ್ಲಿ ಮುಳುಗಿತು. ಇನ್ನು ಬರಲಿರುವುದೇ ಈ ಕಥನದ ಮಹಾಕ್ಷಣ. ದಿಗ್ಗಜಗಳು ಕಿವಿ ನಿಮಿರಿಸಿದವು ಎಂದು ಬರೆಯಬೇಕೆಂದು ನನಗೂ ಆಸೆ. ನಿಮಿರಿಸಿದ್ದು ಫೋನಿನ ಆಚೆಗಿದ್ದ ಮಕ್ಕಳು ಮಾತ್ರ. ಉಳ್ಳಾಗಡ್ಡಿ ಗಂಟಲು ಸರಿಮಾಡಿಕೊಂಡ. ಮೆಣಸಿನಕಾಯಿ ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ. ಆಡಬೇಕೆಂದಿದ್ದ ಮೊದಲ ಮಾತನ್ನು ಇಬ್ಬರೂ ಎಷ್ಟೋ ಸಲ ಮನಸ್ಸಿನಲ್ಲಿ ಮಸೆದಿಟ್ಟಿದ್ದರು. ಈಗ ನೋಡಿದರೆ ಅದು ಬಾಯಿಗೇ ಬರಲೊಲ್ಲದು.

“ಲೇ ಚನ್ಯಾ,” ಎಂದ ಉಳ್ಳಾಗಡ್ಡಿ, ಗೋಡೆಯ ಕಡೆ ನೋಡುತ್ತ. “ನಾ ನನ್ನ ಸಾಲು ಅಳಿಸೀನಿ.”

“ನಾನೂ ಅಳಿಸೀನಿ,” ಎಂದ ಮೆಣಸಿನಕಾಯಿ.

ಇಬ್ಬರೂ ತಿರುಗಿದರು. ಒಬ್ಬರ ಮುಖವನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು. ಉಳ್ಳಾಗಡ್ಡಿಯ ಕಿವಿಯ ಮೇಲೆ ಎರಡು ಬಿಳಿಕೂದಲು ಬಂದಿದ್ದವು. ಮೆಣಸಿನಕಾಯಿ ಹೊಸ ಚಷ್ಮಾ ಹಾಕಿದ್ದ. ಅವನಿಗೆ ಕಣ್ಣು ಮಂಜಾದ ಸುದ್ದಿ ಕೂಡ ತನಗೆ ಗೊತ್ತಿಲ್ಲವಲ್ಲ ಎಂದು ಉಳ್ಳಾಗಡ್ಡಿಗೆ ಒಳಗೆ ಚುಚ್ಚಿತು, ನಿಜವಾಗಿಯೂ ಚುಚ್ಚಿತು. ಯಾರ ಸಾಲು ಉಳಿಯಬೇಕು ಎಂಬ ಯಾವ ಯುದ್ಧವೂ ಆಮೇಲೆ ನಡೆಯಲಿಲ್ಲ. ನೀನು ಬರೆ ಎಂದು ಉಳ್ಳಾಗಡ್ಡಿ ಅಂದ. ನಿನ್ನ ಬಾಗಿಲಿನ ಭಾಗದಲ್ಲೇ ಬರೆಯುತ್ತೇನೆ, ಅದಕ್ಕೆ ಅದೇ ಸರಿಯಾದ ಜಾಗ ಎಂದು ಮೆಣಸಿನಕಾಯಿ ಅಂದ. ಬರೆದ. ಉಳ್ಳಾಗಡ್ಡಿ ಕುರ್ಚಿಯನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಬೆರಳಿಟ್ಟು ಓದಿ, ತನ್ನ ಕೈಯಿಂದಲೇ ‘ಒಪ್ಪಿದೆ’ ಎಂದು ಟೈಪು ಮಾಡಿದ.

ಬೆರಳು ಬಿಡುಗಡೆಯ ಗುಂಡಿಯ ಮೇಲೆ ಇಳಿಯಬೇಕು. ಆಗ ಕೆಳಗೆ ಯಾರೋ ಒಂದು ಚೀಲ ಝಾಡಿಸಿದರು, ಮುಚ್ಚಿದ ಕಿಟಕಿಯ ಸಂದಿನಿಂದ ಧೂಳು ನುಗ್ಗಿತು. ಮೆಣಸಿನಕಾಯಿ ಮೂಗು ಹಿಂಡಿದ, ತುಟಿ ಕಚ್ಚಿದ, ಮಠದ ಅಜ್ಜನನ್ನು ನೆನೆದ. ಆದರೂ ಸೀನಿಯೇಬಿಟ್ಟ. ಒಂದೇ ಸಲ ಸೀನಿದ.

ಉಳ್ಳಾಗಡ್ಡಿಯ ಬೆರಳು ನಿಂತುಬಿಟ್ಟಿತು. ಎಲ್ಲಿ ಆರಂಭವಾಗಿತ್ತೋ ಮತ್ತೆ ಅಲ್ಲಿಗೇ ಬಂದು ನಿಂತಿತು ಕಥೆ. ಮೆಣಸಿನಕಾಯಿಯ ಮುಖದಲ್ಲಿ ಬಣ್ಣವಿರಲಿಲ್ಲ. ಇನ್ನೊಂದು ಸಲ ಸೀನಲು ಅವನು ಮಾಡದ ಪ್ರಯತ್ನವಿಲ್ಲ, ಟ್ಯೂಬ್‌ಲೈಟನ್ನು ದಿಟ್ಟಿಸಿದ, ಕರವಸ್ತ್ರದ ತುದಿ ಹೊಸೆದು ಮೂಗಿಗೆ ತುರುಕಿದ. ಬೇಡವಾದಾಗ ಬರುವ ಸೀನು ಬೇಕಾದಾಗ ಬರುವುದೇ? ಆಚೆ ಕಡೆಯಿಂದ ಟೀಚರ್, ಏನಾಯಿತು, ಸಾಲು ಬಂತೇ ಎಂದು ಕೇಳುತ್ತಿದ್ದರು. ಇದು ಮೂಢನಂಬಿಕೆ, ಒತ್ತಿಬಿಡು ಎನ್ನುತ್ತೀರಿ. ಉಳ್ಳಾಗಡ್ಡಿಯೂ ಅದನ್ನೇ ನಂಬಿದ್ದ. ಆದರೆ ಆ ಒಂಟಿ ಸೀನು ಒಮ್ಮೆ ಅವನಿಂದ ಗೆಳೆಯನನ್ನು ಕಿತ್ತುಕೊಂಡಿತ್ತು, ಈಗ ಅದರ ಮೇಲೆ ಮಕ್ಕಳ ಪರೀಕ್ಷೆಯನ್ನು ಇಡುವುದಕ್ಕೆ ಅವನ ಬೆರಳಿಗೆ ಧೈರ್ಯ ಸಾಲಲಿಲ್ಲ.

ಆಗ ಅನವರತಶೀತಲಪವನಾಕಾಂಕ್ಷಿಯೂ ಅಕ್ಷತನಾಸಿಕನೂ ಸುಗ್ಗಿಯ ಧೂಳಿನಲ್ಲಿ ಹುಟ್ಟಿ ಬೆಳೆದೂ ಒಮ್ಮೆಯೂ ಸೀನಿ ಅರಿಯದವನೂ ಆದ ಗುರುಪಾದ ಉಳ್ಳಾಗಡ್ಡಿ ಮಹಾಮೇರುವಿನಂತೆ ಮೇಲೆದ್ದ. ಸಿಂಹನಡಿಗೆಯಲ್ಲಿ ಕಿಟಕಿಯವರೆಗೆ ನಡೆದ, ಎರಡೂ ಬಾಗಿಲುಗಳನ್ನು ಹಾರು ಹೊಡೆದ. ಮುಖವನ್ನು ಹೊರಗೆ ಚಾಚಿದ. ಕೆಳಗಿನಿಂದ ಕೆಂಪಗೆ ಏಳುತ್ತಿದ್ದ ಘೋರವಾದ ರಜೋರಾಶಿಯನ್ನು, ಋಷಿಗಳು ಪ್ರಾಣಾಯಾಮ ಮಾಡುವಂತೆ, ಎರಡೂ ಹೊಳ್ಳೆಗಳಿಂದ ಹೊಟ್ಟೆಯ ತನಕ ಎಳೆದುಕೊಂಡ. ಅವನ ಕಣ್ಣು ಕೆಂಪಾಯಿತು, ಗದ್ದ ನಡುಗಿತು, ಭುಜಗಳು ಮೇಲೆದ್ದವು. ಬ್ಯಾಡಗಿಯ ಮಾರುಕಟ್ಟೆಯ ಹಮಾಲರೆಲ್ಲ ತಲೆಯೆತ್ತಿ ನೋಡುವಂತೆ ಅವನು ಸೀನಿದ.

“ಜೋಡಿ ಆತು,” ಎಂದ ಕಣ್ಣೊರೆಸಿಕೊಳ್ಳುತ್ತ. “ಒತ್ತಲೇ ಚನ್ಯಾ.”

ಬಿಡುಗಡೆಗುಂಡಿಯೈಕಾಧಿಪತ್ಯವನ್ನು ಅವನು ಹೀಗೆ ಬಿಟ್ಟುಕೊಟ್ಟ. ಮೆಣಸಿನಕಾಯಿ ಒತ್ತಿದ. ಓಲೆಗಾರ ದ್ವಾರಪಾಲಕನ ಮುಂದೆ ನಿಂತು ಒಂದು ಸಲ, ಒಂದೇ ಸಲ, ದಾರಿ ಕೇಳಿದ. ದ್ವಾರಪಾಲಕ ಆಗಲಿ ಹೋಗು ಎಂದು ಪಕ್ಕಕ್ಕೆ ಸರಿದ. ಆಮೇಲೆ ಓಲೆಗಾರನಿಗೂ ಉಗ್ರಾಣಕ್ಕೂ ಏನು ಮಾತಾಯಿತೋ ನನಗೆ ತಿಳಿಯದು, ಅದು ಗುಟ್ಟು. ಫೋನಿನ ಆಚೆಯಿಂದ ಒಂದು ಹೆಂಗಸಿನ ದನಿ ನಿಧಾನವಾಗಿ ಕೇಳಿಬಂತು, ಪಾಠ ಹದಿನಾರು ಎಂದು ಆರಂಭಿಸಿತು.

ಇಬ್ಬರ ಸಂತೋಷದ ಕಟ್ಟೆಯೊಡೆಯಿತು. ಸುಗ್ಗಿಯ ಆರಂಭದಿಂದ ಹೂತಿಟ್ಟ ಮಾತೆಲ್ಲ ಒಮ್ಮೆಗೇ ಎದ್ದು ಬಂತು. ಚಷ್ಮಾ ಯಾವಾಗ ಬಂತು ಎಂದು ಉಳ್ಳಾಗಡ್ಡಿ ಕೇಳಿದ, ನಿನ್ನ ತಂಗಿಯ ಮದುವೆಗೆ ನನ್ನನ್ನು ಕರೆಯಲಿಲ್ಲವಲ್ಲೋ ಎಂದು ಇವನು ಬೈದ, ಕರೆಯೋಲೆ ಬರೆದು ನೀಲಕ್ಕನ ಕೈಗೆ ಕೊಡಲು ಮುಖವಿರಲಿಲ್ಲ ಎಂದು ಅವನು ಅಂದ. ಇಬ್ಬರೂ ನಕ್ಕರು, ಮೇಜು ಗುದ್ದಿದರು. ಈ ದ್ವಾರವಿಜಯವನ್ನು ತಾಮ್ರಪಟದಲ್ಲಿ ಕೆತ್ತಿಸಬೇಕು ಎಂದು ಒಬ್ಬ, ಇಡೀ ಜಗತ್ತಿನ ಓಲೆಗಾರರು ನಮ್ಮ ಕಾಲು ಹಿಡಿಯಬೇಕು ಎಂದು ಇನ್ನೊಬ್ಬ ದನಿಯೇರಿಸಿ ಕೂಗಾಡತೊಡಗಿದರು.

“ಸರ,” ಎಂದಿತು ಮೇಜಿನ ಮೇಲಿನ ಫೋನು. “ಸ್ವಲ್ಪ ಸುಮ್ಮಕ ಕುಂದರ್ರಿ. ಹುಡುಗರಿಗೆ ಪಾಠ ಕೇಳಸವಲ್ದು.”

ವೀರರಿಬ್ಬರೂ ಬಾಯಿ ಮುಚ್ಚಿಕೊಂಡು ಕೂತರು. ಫೋನು ಇಡಬಹುದಿತ್ತು, ಇಬ್ಬರೂ ಇಡಲಿಲ್ಲ. ಕಿಟಕಿ ತೆರೆದೇ ಇತ್ತು, ಉಳ್ಳಾಗಡ್ಡಿ ಎದ್ದು ಹೋಗಿ ಸದ್ದಾಗದಂತೆ ಅದನ್ನು ಮುಚ್ಚಿ ಬಂದ. ಅಷ್ಟರಲ್ಲಿ ಮೆಣಸಿನಕಾಯಿಗೆ, ಆಗ ಎಷ್ಟು ಕರೆದರೂ ಬಾರದಿದ್ದ ಆ ಎರಡನೆಯ ಸೀನು ಬರತೊಡಗಿತು. ಪಾಠ ಮುಗಿಯುವವರೆಗೆ ಅವನು ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಕೂತಿದ್ದ.